ರಿಪೋರ್ಟ್‌ನಲ್ಲಿ ಏನೂ ಇರಲಿಲ್ಲ

ಆತ ಬಂದು ಕೂತವನೇ ಮೊಬೈಲ್ ತೆಗೆದು, ಪರದೆಯನ್ನು ನನ್ನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟ. ಒಂದು ಲ್ಯಾಬ್ ರಿಪೋರ್ಟ್. ನಾಲ್ಕು ಸಾಲು. ನಾಲ್ಕರ ಎದುರಿಗೂ ನೆಗೆಟಿವ್.

“ನೋಡಿ ಮೇಡಂ, ನನಗೇನೂ ಇಲ್ಲ. ಸುಮ್ನೆ ಅವಳ ಸಮಾಧಾನಕ್ಕೆ ಬಂದಿದೀನಿ.”

ನಾನು ಲೈಂಗಿಕ ಆರೋಗ್ಯದ ಕ್ಲಿನಿಕ್ ಒಂದರಲ್ಲಿ ಆಪ್ತ ಸಮಾಲೋಚಕಿ. ಪರೀಕ್ಷೆಗೆ ಬಂದವರು ಡಾಕ್ಟರ ಹತ್ತಿರ ಹೋಗುವ ಮೊದಲು ನನ್ನ ಹತ್ತಿರ ಕೂರುತ್ತಾರೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿ ಈ ಪ್ರಕರಣ ಬರೆಯುತ್ತಿದ್ದೇನೆ. ಇದರಲ್ಲಿ ಅಪರೂಪದ ಕಾಯಿಲೆ ಯಾವುದೂ ಇಲ್ಲ. ಆ ನಾಲ್ಕು ಸಾಲಿನ ರಿಪೋರ್ಟ್‌ಗೋಸ್ಕರ ಬರೆಯುತ್ತಿದ್ದೇನೆ. ಅಂಥದ್ದನ್ನು ಹಿಡಿದುಕೊಂಡು ಬರುವವರು ವಾರಕ್ಕೆ ಒಬ್ಬರಾದರೂ ಇದ್ದಾರೆ.

ಆತನಿಗೆ 31 ವರ್ಷ. ಗೆಳತಿಯ ಜೊತೆ ಎರಡು ವರ್ಷದ ಸಂಬಂಧ, ನಡುವೆ ಮೂರು ತಿಂಗಳು ಇಬ್ಬರೂ ಬೇರೆಯಾಗಿದ್ದರು. ಆಮೇಲೆ ಮತ್ತೆ ಒಂದಾದರು. ಈಚೆಗೆ ಗೆಳತಿಗೆ ಸಂಭೋಗದ ನಂತರ ಸ್ವಲ್ಪ ರಕ್ತ ಕಾಣಿಸಿಕೊಳ್ಳತೊಡಗಿತು, ಕೆಳಹೊಟ್ಟೆಯಲ್ಲಿ ಸಣ್ಣಗೆ ನೋವು. ಆಕೆ ತನ್ನ ಡಾಕ್ಟರ ಹತ್ತಿರ ಹೋದಳು. ಅವರು ಯೋನಿಯ ಸ್ವಾಬ್, ಅಂದರೆ ಕಡ್ಡಿಯಿಂದ ಸವರಿದ ಮಾದರಿ, ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಲಮಿಡಿಯ ಅನ್ನುವ ಲೈಂಗಿಕ ಸೋಂಕಿಗೆ ಪಾಸಿಟಿವ್ ಬಂತು. ಮಾತ್ರೆ ಶುರು ಮಾಡಿದ ಅವರು, ಸಂಗಾತಿಯೂ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು ಅಂದರು. ಹಾಗೆ ಈತ ಇಲ್ಲಿಗೆ ಬಂದ.

ಆತನಿಗೆ ನೋವಿಲ್ಲ, ಉರಿಯಿಲ್ಲ, ಸ್ರಾವವಿಲ್ಲ. ಜೊತೆಗೆ ನೆಗೆಟಿವ್ ಅನ್ನುವ ಕಾಗದ ಬೇರೆ. ಆತನ ಲೆಕ್ಕ ಸರಳವಾಗಿತ್ತು: ನನಗಿಲ್ಲ, ಅವಳಿಗಿದೆ, ಅಂದರೆ ಬೇರೆ ಎಲ್ಲಿಂದಲೋ ಬಂದಿದೆ. ಬಾಯಿಬಿಟ್ಟು ಹೇಳಲಿಲ್ಲ. ಆದರೆ “ಸಮಾಧಾನಕ್ಕೆ” ಅಂದಾಗ ಒಂದು ಹುಬ್ಬು ಮೇಲೆ ಹೋಗಿತ್ತು.

ನಾನು ಮೊಬೈಲ್ ಹತ್ತಿರಕ್ಕೆ ಎಳೆದುಕೊಂಡೆ. ರಿಪೋರ್ಟ್ ಓದುವಾಗ ಎಲ್ಲರ ಕಣ್ಣು ಮೊದಲು ಬಲಗಡೆಗೆ, ಫಲಿತಾಂಶದ ಕಡೆಗೆ ಹೋಗುತ್ತದೆ. ನನ್ನ ಅಭ್ಯಾಸ ಬೇರೆ. ಮೊದಲು ತಾರೀಕು ನೋಡುತ್ತೇನೆ, ಆಮೇಲೆ ಯಾವ ಮಾದರಿ ಕೊಟ್ಟಿದ್ದಾರೆ ಅಂತ, ಆಮೇಲೆ ಪರೀಕ್ಷೆಯ ಹೆಸರು. ಫಲಿತಾಂಶ ಕೊನೆಗೆ. ಇಲ್ಲಿ ಮಾದರಿ ರಕ್ತ ಒಂದೇ. ಪರೀಕ್ಷೆಗಳು ಎಚ್‌ಐವಿ, ಸಿಫಿಲಿಸ್‌ಗೆ ವಿಡಿಆರ್‌ಎಲ್, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ಪ್ಯಾಕೇಜಿನ ಹೆಸರಲ್ಲಿ ಮಾತ್ರ ‘ಸಂಪೂರ್ಣ’ ಅಂತ ದೊಡ್ಡದಾಗಿ ಬರೆದಿತ್ತು.

“ಇದರಲ್ಲಿ ಕ್ಲಮಿಡಿಯ ಎಲ್ಲಿದೆ?” ಅಂತ ಕೇಳಿದೆ.

ಆತ ಬೆರಳಿನಿಂದ ಪರದೆ ಮೇಲೆ ಕೆಳಗೆ ಎಳೆದು ನೋಡಿದ. ಇನ್ನೊಂದು ಸಲ ನೋಡಿದ.

“ಬ್ಲಡ್ ಟೆಸ್ಟ್ ಮಾಡಿದ್ದಾರಲ್ಲ ಮೇಡಂ. ಅದರಲ್ಲಿ ಎಲ್ಲಾ ಬರುತ್ತೆ, ಅಲ್ವಾ?”

ಬರುವುದಿಲ್ಲ. ಕ್ಲಮಿಡಿಯ, ಗೊನೊರಿಯ ಎರಡೂ ಬ್ಯಾಕ್ಟೀರಿಯ. ಅವು ಸಾಮಾನ್ಯವಾಗಿ ರಕ್ತದಲ್ಲಿ ಓಡಾಡುವಂಥವಲ್ಲ. ಮೂತ್ರನಾಳ, ಗರ್ಭಕೋಶದ ಕೊರಳು, ಗುದ, ಗಂಟಲು, ಇಂಥ ಒದ್ದೆ ಜಾಗಗಳ ಒಳಪದರದಲ್ಲಿ ಕೂತಿರುತ್ತವೆ. ಎಲ್ಲಿ ಕೂತಿವೆಯೋ ಅಲ್ಲಿಂದಲೇ ಮಾದರಿ ತೆಗೆಯಬೇಕು. ಸಿಕ್ಕಿದ್ದನ್ನು ಯಂತ್ರದಲ್ಲಿ ನಕಲು ಮಾಡಿ ಮಾಡಿ ಹೆಚ್ಚಿಸಿ ಗುರುತಿಸುತ್ತಾರೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಪಿಸಿಆರ್ ಪರೀಕ್ಷೆಯ ಜಾತಿಯದೇ ಇದು. ಆಗ ಮೂಗಿಗೆ ಕಡ್ಡಿ ಹಾಕಿಸಿಕೊಂಡವರು ಯಾರೂ ರಕ್ತ ಯಾಕೆ ತೆಗೆಯಲಿಲ್ಲ ಅಂತ ಕೇಳಲಿಲ್ಲ. ಇಲ್ಲಿಗೆ ಬಂದಾಗ ಮಾತ್ರ ರಕ್ತವೇ ಎಲ್ಲ ಹೇಳುತ್ತದೆ ಅನ್ನುವ ನಂಬಿಕೆ.

ತಾರೀಕಿಗೆ ಬಂದೆ. ರಿಪೋರ್ಟ್ 45 ದಿನ ಹಳೆಯದು. ಯಾಕೆ ಆವತ್ತೇ ಮಾಡಿಸಿದಿರಿ ಅಂತ ಕೇಳಿದೆ. ಬೇರೆಯಾಗಿದ್ದ ಸಮಯದಲ್ಲಿ ಒಬ್ಬರ ಜೊತೆ ರಾತ್ರಿ ಕಳೆದಿದ್ದೆ, ಆಮೇಲೆ ಭಯವಾಯಿತು, ನಾಲ್ಕನೇ ದಿನ ಹೋಗಿ ಮಾಡಿಸಿದೆ ಅಂದ. ಬಿತ್ತಿದ ಮರುದಿನ ಹೊಲಕ್ಕೆ ಹೋಗಿ, ಮೊಳಕೆ ಕಾಣುತ್ತಿಲ್ಲ, ಬೀಜ ಬಿದ್ದಿಲ್ಲ ಅಂದ ಹಾಗಾಯಿತು. ಪ್ರಯೋಗಾಲಯದಲ್ಲಿ ಮಾಡುವ, ವೈರಸ್‌ನ ಅಂಶ ಮತ್ತು ಪ್ರತಿಕಾಯ ಎರಡನ್ನೂ ಹುಡುಕುವ ನಾಲ್ಕನೇ ತಲೆಮಾರಿನ ಎಚ್‌ಐವಿ ಪರೀಕ್ಷೆ ಕೂಡ ಖಚಿತವಾಗಿ ಇಲ್ಲ ಅನ್ನಬೇಕಾದರೆ 45 ದಿನ ಬೇಕು. ಬೆರಳಿನ ಹನಿ ರಕ್ತದಲ್ಲಿ ಪ್ರತಿಕಾಯ ಮಾತ್ರ ನೋಡುವ ಪರೀಕ್ಷೆಗಾದರೆ 90 ದಿನ. ಸಿಫಿಲಿಸ್‌ಗೂ 90 ದಿನದವರೆಗೆ ಕಾಯಬೇಕು. ನಾಲ್ಕನೇ ದಿನದ ನೆಗೆಟಿವ್‌ ಹೇಳುವುದು ಆ ರಾತ್ರಿಗಿಂತ ಬಹಳ ಹಿಂದಿನ ಕಥೆಯನ್ನು. ಆ ರಾತ್ರಿಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಇನ್ನೊಂದು ಬೇಸರವೂ ಇದೆ. ಆತ ಆ ಲ್ಯಾಬ್‌ಗೆ ಹೋಗುವ ಮೊದಲು, ಎರಡನೇ ದಿನ, ಒಂದು ಕ್ಲಿನಿಕ್‌ಗೆ ಹೋಗಿದ್ದನಂತೆ. ಕಿಟಕಿಯಲ್ಲಿ ಕೂತಿದ್ದವರು ಕಾಯುತ್ತಿದ್ದ ಎಲ್ಲರಿಗೂ ಕೇಳುವ ಹಾಗೆ, “ಏನ್ ತೊಂದರೆ? ಗುಪ್ತರೋಗದ್ದಾ?” ಅಂದರಂತೆ. ಆತ “ಇಲ್ಲ, ಜ್ವರ” ಅಂದು ಹೊರಗೆ ಬಂದುಬಿಟ್ಟ. ಎಚ್‌ಐವಿ ತಡೆಯುವ ತುರ್ತು ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನುಂಗಬೇಕು. ಆತನಿಗೆ ಅದು ಬೇಕಾಗಿತ್ತೋ ಇಲ್ಲವೋ ಅನ್ನುವುದು ಬೇರೆ ಮಾತು. ಬೇಕೇ ಅಂತ ಯೋಚಿಸಬಹುದಾಗಿದ್ದ ಆ ಸಮಯ ಒಂದು ಕಿಟಕಿಯ ಗಟ್ಟಿ ದನಿಯಲ್ಲಿ ಕಳೆದುಹೋಯಿತು. ಆಮೇಲೆ ಯಾರ ಮುಖವನ್ನೂ ನೋಡದೆ ಆನ್‌ಲೈನ್‌ನಲ್ಲಿ ಬುಕ್ ಮಾಡಬಹುದಾದ ‘ಸಂಪೂರ್ಣ’ ಪ್ಯಾಕೇಜ್ ಹಿಡಿದ. ಆತನನ್ನು ದೂರುವುದು ನನ್ನಿಂದ ಆಗುವುದಿಲ್ಲ.

ಡಬ್ಬಿಯ ವಿಷಯ

ಸರಿ, ಈವತ್ತೇ ಮಾದರಿ ಕೊಡಿ ಅಂದೆ. ಆತ ಮೊದಲ ಸಲ ಹೆದರಿದ್ದು ಆಗ. ಮೂತ್ರದ ರಂಧ್ರಕ್ಕೆ ಕಡ್ಡಿ ತೂರಿಸುತ್ತಾರೆ, ಒಳಗೆ ಹೋಗಿ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ ಅಂತ ಯಾರೋ ಹೇಳಿದ್ದರಂತೆ. ಈ ಕೊಡೆಯ ಕಥೆ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿಯೊಬ್ಬರಿಗೂ ಯಾರೋ ಒಬ್ಬ ಗೆಳೆಯ ಹೇಳಿರುತ್ತಾನೆ. ಕೊಡೆಯೂ ಇಲ್ಲ, ಕೋಲೂ ಇಲ್ಲ. ರೋಗಲಕ್ಷಣ ಇಲ್ಲದ ಗಂಡಸರಿಗೆ ಒಂದು ಡಬ್ಬಿ ಮೂತ್ರ ಸಾಕು. ಹೆಂಗಸರಿಗೆ ಯೋನಿಯ ಸ್ವಾಬ್ ಒಳ್ಳೆಯದು. ಅದನ್ನು ಅವರೇ ಬಾತ್‌ರೂಮಿನಲ್ಲಿ ತೆಗೆದುಕೊಟ್ಟರೂ ಡಾಕ್ಟರ್ ತೆಗೆದಷ್ಟೇ ನಂಬಬಹುದು.

“ಅಷ್ಟೇನಾ? ಮತ್ತೆ ಕೊಡಿ ಡಬ್ಬಿ” ಅಂದ.

“ಕೊನೆಯ ಸಲ ಯಾವಾಗ ಹೋಗಿದ್ರಿ?”

“ಈಗ ತಾನೇ. ಒಳಗೆ ಕರೆಯೋ ಮುಂಚೆ ಒಂದಕ್ಕೆ ಹೋಗಿ ಬಂದೆ. ಟೆನ್ಶನ್‌ಗೆ.”

ಆಗದು. ಕೊನೆಯ ಪಕ್ಷ ಒಂದು ಗಂಟೆ ಮೂತ್ರ ಹಿಡಿದಿರಬೇಕು. ಇಲ್ಲಿ ಹುಡುಕುತ್ತಿರುವುದು ಮೂತ್ರದಲ್ಲಿ ಏನಿದೆ ಅಂತಲ್ಲ. ಮೂತ್ರನಾಳದ ಗೋಡೆಗೆ ಅಂಟಿಕೊಂಡ ಜೀವಕೋಶಗಳನ್ನು ಮೊದಲ ಧಾರೆ ತೊಳೆದುಕೊಂಡು ಬರುತ್ತದಲ್ಲ, ಅದು ಬೇಕು. ಈಗಷ್ಟೇ ತೊಳೆದು ಹೋದ ನಾಳದಲ್ಲಿ ಏನು ಸಿಗುತ್ತದೆ?

ಇಲ್ಲಿ ಬಹಳ ಜನ ಎಡವುವ ಇನ್ನೊಂದು ಜಾಗವಿದೆ. ಉರಿಮೂತ್ರಕ್ಕೆ ಲ್ಯಾಬ್‌ಗೆ ಹೋದವರಿಗೆಲ್ಲ “ಮೊದಲು ಸ್ವಲ್ಪ ಬಿಟ್ಟು, ನಡುವಿನದ್ದು ಹಿಡಿಯಿರಿ” ಅಂತ ಹೇಳಿರುತ್ತಾರೆ. ಆ ಪರೀಕ್ಷೆಗೆ ಅದೇ ಸರಿ. ನಮ್ಮದಕ್ಕೆ ಪೂರ್ತಿ ಉಲ್ಟಾ. ಮೊದಲ ಹನಿಯಿಂದಲೇ ಹಿಡಿಯಬೇಕು, 20ರಿಂದ 30 ಎಂಎಲ್ ಆದಮೇಲೆ ಡಬ್ಬಿ ತೆಗೆದುಬಿಡಬೇಕು. ತುಂಬಿಸಿ ತಂದರೆ ಚೆನ್ನಾಗಿ ಕೊಟ್ಟೆ ಅಂತ ಅನಿಸಬಹುದು, ಮಾದರಿ ಮಾತ್ರ ನೀರಾಗಿ ಹೋಗಿರುತ್ತದೆ. ಮೊದಲೇ ತೊಳೆದುಕೊಂಡು ಬರುವುದೂ ಬೇಡ. ಡಬ್ಬಿಯ ಮೇಲೆ ನಾನೇ ಪೆನ್ನಿನಿಂದ ಒಂದು ಗೆರೆ ಎಳೆದು ಕೊಡುತ್ತೇನೆ, ಈ ಗೆರೆ ದಾಟಬೇಡಿ ಅಂತ.

ಗೆರೆ ಎಳೆದ ಡಬ್ಬಿ ಮೇಜಿನ ಮೇಲಿತ್ತು. ಒಂದು ಗಂಟೆ ಕಾಯಬೇಕಿತ್ತು. ಆವತ್ತು ನಮಗೆ ಗೊತ್ತಾಗಬೇಕಾದದ್ದು ಗೊತ್ತಾದದ್ದು ಆ ಗಂಟೆಯಲ್ಲೇ.

ಅವರು, ಆಕೆ, ಆತ

ಕನ್ನಡದಲ್ಲಿ ‘ಅವರು’ ಅನ್ನುವ ಪದ ಇರುವುದು ನನ್ನ ಕೆಲಸಕ್ಕೆ ದೊಡ್ಡ ಅನುಕೂಲ. ಗಂಡೋ ಹೆಣ್ಣೋ, ಒಬ್ಬರೋ ಹತ್ತು ಜನವೋ, ಎಲ್ಲ ಅದರೊಳಗೆ ಹಿಡಿಸುತ್ತದೆ. ಕೇಳುವಾಗ ಅದನ್ನೇ ಬಳಸಬೇಕು ಅಂತ ಹೊಸಬರಿಗೆ ನಾನೇ ಪಾಠ ಮಾಡುತ್ತೇನೆ. ಆವತ್ತು ನಾನೇ ತಪ್ಪಿದೆ. ಆತ “ಒಬ್ಬರ ಜೊತೆ” ಅಂದಿದ್ದ. ನಾನು ಎರಡನೇ ಪ್ರಶ್ನೆಗೇ “ಆಕೆ ನಿಮಗೆ ಮುಂಚೆಯೇ ಪರಿಚಯವಾ?” ಅಂದುಬಿಟ್ಟೆ.

ಆತ ಹೌದು ಅಂದ. ಆಕೆಯ ಬಗ್ಗೆ ಹೇಳಿದ. ಕಾಂಡೋಮ್ ಬಳಸಿದ್ದೆವು ಅಂದ. “ಶುರುವಿನಿಂದಲೇ?” ಅಂತ ಕೇಳಿದೆ. ಸ್ವಲ್ಪ ತಡೆದು, “ಶುರುವಿನಲ್ಲಿ ಇಲ್ಲ. ಕೊನೆಗೆ ಹಾಕಿಕೊಂಡೆ” ಅಂದ. ಗರ್ಭ ತಡೆಯುವ ದೃಷ್ಟಿಯಿಂದ ಜನ ಕಾಂಡೋಮ್ ನೋಡುವುದರಿಂದ ಹೀಗಾಗುತ್ತದೆ. ಕೊನೆಗೆ ಹಾಕಿಕೊಂಡರೆ ಸಾಕು ಅನ್ನುವ ಭಾವನೆ. ಸೋಂಕಿಗೆ ಕೊನೆಯೂ ಒಂದೇ, ಮೊದಲೂ ಒಂದೇ. ಆಕೆಯ ಜೊತೆಗಿನ ರಾತ್ರಿಗೆ ಆವತ್ತಿಗೆ 49 ದಿನವಾಗಿತ್ತು.

ನನ್ನ ಹಾಳೆಯಲ್ಲಿ ಬರೆದುಕೊಂಡೆ. ಬೇರೆ ಮಾತಿಗೆ ಹೋದೆವು. ಅರ್ಧ ಗಂಟೆ ಕಳೆದಿರಬೇಕು. ಇಂಥ ಸೋಂಕು ಎಷ್ಟು ಜನಕ್ಕೆ ಇರುತ್ತೆ ಮೇಡಂ ಅಂತ ಕೇಳಿದ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳಿದೆ. 2020ರಲ್ಲಿ ಕ್ಲಮಿಡಿಯ, ಗೊನೊರಿಯ, ಸಿಫಿಲಿಸ್, ಟ್ರೈಕೊಮೊನಿಯಾಸಿಸ್ ಈ ನಾಲ್ಕೇ ಸೇರಿ 15ರಿಂದ 49 ವಯಸ್ಸಿನವರಲ್ಲಿ ಹೊಸದಾಗಿ ಆದದ್ದು 37.4 ಕೋಟಿ. ಕ್ಲಮಿಡಿಯ ಒಂದೇ 12.9 ಕೋಟಿ. ನಾಲ್ಕೂ ಔಷಧಿಯಿಂದ ವಾಸಿಯಾಗುವಂಥವು.

ಆತ ಆ ಸಂಖ್ಯೆಯನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡ. ಆಮೇಲೆ ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಮುಚ್ಚಳ ತಿರುಗಿಸುತ್ತಾ, ನನ್ನ ಮುಖ ನೋಡದೆ ಹೇಳಿದ.

“ಇನ್ನೊಬ್ಬರು ಇದ್ದರು ಮೇಡಂ. ಅದಕ್ಕೂ ಎಂಟು ದಿನ ಮುಂಚೆ. ಅವರು ಆಕೆ ಅಲ್ಲ. ಆತ.”

ಮುಚ್ಚಳ ತಿರುಗುತ್ತಲೇ ಇತ್ತು. ನಾನು “ಸರಿ” ಅಂದೆ, ಅಷ್ಟೇ. ಇಂಥ ಹೊತ್ತಿನಲ್ಲಿ ಜಾಸ್ತಿ ಮಾತಾಡಿದರೆ ಅದು ನಮ್ಮ ಮುಜುಗರ ಮುಚ್ಚಿಕೊಳ್ಳಲು ಆಡಿದ ಮಾತಾಗಿರುತ್ತದೆ. ಆಮೇಲೆ ಎಲ್ಲರಿಗೂ ಕೇಳುವುದನ್ನೇ ಕೇಳಿದೆ: ಏನೇನು ಮಾಡಿದಿರಿ, ಬಾಯಿಯೋ, ಗುದವೋ, ಯಾರ ಬಾಯಿ? ಕೇಳುವುದು ಒರಟಾಗಿ ಕಾಣಬಹುದು. ಆದರೆ ಕಡ್ಡಿ ಎಲ್ಲಿ ಆಡಿಸಬೇಕು ಅನ್ನುವುದು ಆ ಉತ್ತರದ ಮೇಲೇ ನಿಂತಿದೆ. ನೀವು ಯಾರು, ಎಂಥವರು ಅನ್ನುವುದು ಲ್ಯಾಬ್‌ಗೆ ಬೇಕಾಗಿಲ್ಲ.

ಬಾಯಿ ಮಾತ್ರ, ಅದೂ ನನ್ನ ಮುಂದೆ ಕೂತಿದ್ದವನದೇ. ಕಾಂಡೋಮ್ ಇರಲಿಲ್ಲ. “ಅದು ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ” ಅಂದ. ಆ ಸಲ ಪರೀಕ್ಷೆ ಮಾಡಿಸಬೇಕು ಅಂತಲೂ ಅನಿಸಿರಲಿಲ್ಲವಂತೆ. ಅದಕ್ಕೆ ಆಗ 57 ದಿನ.

ನಾನು ಮೊದಲೇ “ಆಕೆ” ಅನ್ನದಿದ್ದರೆ ಇದು ಅರ್ಧ ಗಂಟೆ ಮೊದಲೇ ಬರುತ್ತಿತ್ತು. ಡಬ್ಬಿ ಕೂಡಲೇ ಕೊಡುವ ಹಾಗಿದ್ದಿದ್ದರೆ? ಆತ ಒಂದಕ್ಕೆ ಹೋಗಿ ಬಂದಿರದಿದ್ದರೆ? ಹತ್ತು ನಿಮಿಷದಲ್ಲಿ ಮೂತ್ರ ಕೊಟ್ಟು ಎದ್ದು ಹೋಗಿರುತ್ತಿದ್ದ. ನನ್ನ ಹಾಳೆಯಲ್ಲಿ ಗಂಟಲು ಅನ್ನುವ ಪದವೇ ಬರುತ್ತಿರಲಿಲ್ಲ.

ಏನೇನು ಮಾಡಿದೆವು, ಏನು ಬಿಟ್ಟೆವು

ಗಂಟಲಿನ ಸ್ವಾಬ್ ತೆಗೆಯಲು ಅರ್ಧ ನಿಮಿಷವೂ ಬೇಡ. ಎರಡೂ ಕಡೆಯ ಟಾನ್ಸಿಲ್, ಹಿಂದಿನ ಗೋಡೆ, ಅಷ್ಟಕ್ಕೂ ಸವರಿ ತೆಗೆಯಬೇಕು. ಓಕರಿಕೆ ಬರದಿದ್ದರೆ ಸರಿಯಾದ ಜಾಗ ಮುಟ್ಟಿಲ್ಲ ಅಂತ ನಮ್ಮ ನರ್ಸ್ ತಮಾಷೆ ಮಾಡುತ್ತಾರೆ. ಆತನಿಗೆ ಚೆನ್ನಾಗಿಯೇ ಬಂತು, ಕಣ್ಣಲ್ಲಿ ನೀರೂ ಬಂತು. ಗುದದ ಸ್ವಾಬ್ ಬೇಕಾಗಲಿಲ್ಲ, ಆತ ಹೇಳಿದ ಪ್ರಕಾರ ಅಲ್ಲಿ ಏನೂ ನಡೆದಿರಲಿಲ್ಲ. ತೋಳಿನಿಂದ ರಕ್ತ ತೆಗೆದು ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗೆ ಕಳಿಸಿದೆವು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ನೆನಪಿಲ್ಲ ಅಂದ. ಅದಕ್ಕೂ ರಕ್ತ ತೆಗೆದು, ಲಸಿಕೆಯ ಮೊದಲ ಡೋಸ್ ಆವತ್ತೇ ಹಾಕಿದರು. ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

“ಬಂದಿದ್ದೀನಲ್ಲ, ಎಲ್ಲಾ ಮಾಡಿಬಿಡಿ ಮೇಡಂ” ಅಂದ. ಎಲ್ಲಾ ಅನ್ನುವ ಪರೀಕ್ಷೆ ಇಲ್ಲ. ಹುಣ್ಣು ಇಲ್ಲದಿರುವಾಗ ಹರ್ಪಿಸ್‌ಗೆ ರಕ್ತ ಪರೀಕ್ಷೆ ಮಾಡಿಸಿದರೆ ಇಲ್ಲದವರಿಗೂ ಪಾಸಿಟಿವ್ ಬರುವುದುಂಟು, ಆಮೇಲೆ ವರ್ಷಗಟ್ಟಲೆ ನಿದ್ದೆ ಕೆಡುತ್ತದೆ. ಎಚ್‌ಪಿವಿಗೆ ಅಂದರೆ ನರಹುಲಿ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ತರುವ ವೈರಸ್‌ಗೆ, ಗಂಡಸರಲ್ಲಿ ವಾಡಿಕೆಯ ಪರೀಕ್ಷೆಯೇ ಇಲ್ಲ. ಹೀಗೆ ಬಿಟ್ಟದ್ದನ್ನೂ ನಾವು ಬರೆದು ಕೊಡುತ್ತೇವೆ. ‘ಸಂಪೂರ್ಣ’ ಅನ್ನುವ ಪದ ನಮ್ಮ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇದೆ.

ಗೆಳತಿಗೆ ಪಾಸಿಟಿವ್ ಇದ್ದದ್ದರಿಂದ ಫಲಿತಾಂಶಕ್ಕೆ ಕಾಯದೆ ಡಾಕ್ಟರ್ ಆವತ್ತೇ ಡಾಕ್ಸಿಸೈಕ್ಲಿನ್ ಬರೆದರು. 100 ಎಂಜಿ, ದಿನಕ್ಕೆ ಎರಡು, ಏಳು ದಿನ. ಮಾದರಿ ತೆಗೆದ ಮೇಲೆಯೇ ಮೊದಲ ಮಾತ್ರೆ, ಈ ಕ್ರಮ ತಪ್ಪಬಾರದು. ಲೋಟ ತುಂಬ ನೀರು ಕುಡಿಯಬೇಕು, ನುಂಗಿದ ತಕ್ಷಣ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲೇ ಅಂಟಿಕೊಂಡು ಸುಡುತ್ತದೆ. ಎರಡನೇ ದಿನ ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿಯಾಯಿತು ಅಂತ ಫೋನ್ ಮಾಡಿದ. ಊಟದ ಜೊತೆ ತೆಗೆದುಕೊಳ್ಳಲು ಹೇಳಿದೆ, ಸರಿಹೋಯಿತು.

ಮೂರನೇ ದಿನಕ್ಕೆ ಎಲ್ಲ ಬಂತು. ಎಚ್‌ಐವಿ ನೆಗೆಟಿವ್. ಇಬ್ಬರ ಜೊತೆಗಿನ ಸಂಪರ್ಕಕ್ಕೂ 45 ದಿನ ದಾಟಿದ್ದರಿಂದ ಈ ನೆಗೆಟಿವ್‌ಗೆ ತೂಕವಿತ್ತು. ಸಿಫಿಲಿಸ್ ನೆಗೆಟಿವ್, ಆದರೆ 90 ದಿನಕ್ಕೆ ಇನ್ನೊಮ್ಮೆ. ಹೆಪಟೈಟಿಸ್ ಬಿ ಇಲ್ಲ. ಮೂತ್ರದಲ್ಲಿ ಕ್ಲಮಿಡಿಯ ಪಾಸಿಟಿವ್, ಗೊನೊರಿಯ ನೆಗೆಟಿವ್. ಗಂಟಲಿನಲ್ಲಿ ಕ್ಲಮಿಡಿಯ ನೆಗೆಟಿವ್, ಗೊನೊರಿಯ ಪಾಸಿಟಿವ್.

ಮನುಷ್ಯ ಒಬ್ಬನೇ, ದಿನ ಒಂದೇ. ಎರಡು ಜಾಗದಿಂದ ಎರಡು ಉತ್ತರ. ಮೂತ್ರ ಒಂದನ್ನೇ ಕಳಿಸಿದ್ದರೆ “ಗೊನೊರಿಯ ಇಲ್ಲ” ಅಂತ ನಾವೇ, ನಮ್ಮದೇ ಸೀಲ್ ಹಾಕಿ, ಇನ್ನೊಂದು ನಾಲ್ಕು ಸಾಲಿನ ರಿಪೋರ್ಟ್ ಕೊಟ್ಟು ಕಳಿಸುತ್ತಿದ್ದೆವು.

ಗಂಟಲಿನ ಗೊನೊರಿಯ ಸಾಮಾನ್ಯವಾಗಿ ಸದ್ದೇ ಮಾಡುವುದಿಲ್ಲ. ನೋವೂ ಇರುವುದಿಲ್ಲ, ಜ್ವರವೂ ಇಲ್ಲ. ಈ ಬ್ಯಾಕ್ಟೀರಿಯ ಔಷಧಿಗಳನ್ನು ಒಂದೊಂದಾಗಿ ಸೋಲಿಸುತ್ತಾ ಬಂದಿದೆ. ಸಲ್ಫ ಹೋಯಿತು, ಪೆನಿಸಿಲಿನ್ ಹೋಯಿತು, ಟೆಟ್ರಾಸೈಕ್ಲಿನ್, ಆಮೇಲೆ ಸಿಪ್ರೊಫ್ಲಾಕ್ಸಾಸಿನ್. ಈಗ ಮುಖ್ಯವಾಗಿ ನಂಬಿರುವುದು ಸೆಫ್ಟ್ರಯಾಕ್ಸೋನ್ ಇಂಜೆಕ್ಷನ್. ಹಾಗಾಗಿ ಚುಚ್ಚುವ ಮೊದಲು ಇನ್ನೊಂದು ಗಂಟಲ ಸ್ವಾಬ್ ತೆಗೆದು ಕಲ್ಚರ್‌ಗೆ ಕಳಿಸಿದರು, ಬ್ಯಾಕ್ಟೀರಿಯವನ್ನು ಬೆಳೆಸಿ ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡಲು. ಆಮೇಲೆ 500 ಎಂಜಿ, ಪೃಷ್ಠಕ್ಕೆ, ಒಂದೇ ಸಲ. ನೋವಾಗುತ್ತದೆ. ನೋವಾಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹೇಳುವುದು ಯಾರಿಗೆ, ಎಷ್ಟು

ಇಂಜೆಕ್ಷನ್ ಆದಮೇಲೆ ಆತ ಮತ್ತೆ ನನ್ನ ಮುಂದೆ ಕೂತ, ಸ್ವಲ್ಪ ಓರೆಯಾಗಿ. ಈ ಸಲ ಹುಬ್ಬು ಮೇಲೆ ಹೋಗಲಿಲ್ಲ.

“ಅಂದ್ರೆ ಅವಳಿಗೆ ನನ್ನಿಂದಲೇ ಬಂದಿದ್ದು.”

ಅದನ್ನೂ ಹೇಳಲಾಗದು ಅಂದೆ. ಕ್ಲಮಿಡಿಯ ಲಕ್ಷಣವಿಲ್ಲದೆ ತಿಂಗಳುಗಟ್ಟಲೆ ಕೂತಿರಬಲ್ಲದು. ಪರೀಕ್ಷೆ ಇದೆ ಅನ್ನುತ್ತದೆ, ಯಾವಾಗ ಬಂತು, ಯಾರಿಂದ ಬಂತು ಅನ್ನುವುದಿಲ್ಲ. ಮೂರು ದಿನದ ಹಿಂದೆ ಅದೇ ಪರೀಕ್ಷೆಯ ಹೆಸರಲ್ಲಿ ಆಕೆಯನ್ನು ಅನುಮಾನಿಸಿದ್ದ, ಈಗ ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಿದ್ದ. ಎರಡಕ್ಕೂ ಸಾಕ್ಷಿ ಇಲ್ಲ. ಇಬ್ಬರಿಗೂ ಇದೆ, ಇಬ್ಬರಿಗೂ ಚಿಕಿತ್ಸೆಯಾಗಬೇಕು, ಅದಷ್ಟು ಗಟ್ಟಿ.

ಗೆಳತಿಗೆ ಈಗ ಹೊಸ ವಿಷಯ ತಿಳಿಸಬೇಕಿತ್ತು. ಆಕೆಯ ಡಾಕ್ಟರ್ ಗಂಟಲು ನೋಡಿರಲಿಲ್ಲ. ಗೊನೊರಿಯ ಇರುವವರ ಸಂಗಾತಿಯಾಗಿ ಆಕೆಗೂ ಪರೀಕ್ಷೆ ಮತ್ತು ಇಂಜೆಕ್ಷನ್ ಬೇಕು. ಅದಕ್ಕೆ ಆಕೆ ತಿಳಿದಿರಬೇಕಾದದ್ದು ಎರಡೇ: ಯಾವ ಸೋಂಕು, ಯಾವ ಜಾಗ. ಅದು ಗಂಡಸಿನಿಂದ ಬಂತೋ ಹೆಂಗಸಿನಿಂದಲೋ ಅನ್ನುವುದು ಆಕೆಯ ಚಿಕಿತ್ಸೆಗೆ ಬೇಡ. ಹೇಳುವುದೂ ಬಿಡುವುದೂ ಅವರಿಬ್ಬರ ನಡುವಿನ ಮಾತು. ನಮ್ಮ ಕಡೆಯಿಂದ ಒಂದು ಅಕ್ಷರವೂ ಹೊರಗೆ ಹೋಗುವುದಿಲ್ಲ ಅಂತ ಹೇಳಿದೆ. ಆತ ಏನು ಹೇಳಿದನೋ ನಾನು ಕೇಳಲಿಲ್ಲ. ಆಕೆ ಮರುದಿನವೇ ಹೋಗಿ ಸ್ವಾಬ್ ಕೊಟ್ಟು ಇಂಜೆಕ್ಷನ್ ತೆಗೆದುಕೊಂಡಳು. ಕೆಳಹೊಟ್ಟೆಯ ನೋವಿಗೆ ಡಾಕ್ಟರ್ ಮತ್ತೊಮ್ಮೆ ಪರೀಕ್ಷಿಸಿದರು. ಕ್ಲಮಿಡಿಯ ಗರ್ಭನಾಳಕ್ಕೆ ಏರಿದರೆ ಮುಂದೆ ಮಕ್ಕಳಾಗಲು ತೊಂದರೆ ಆಗಬಹುದು. ಅಷ್ಟು ದೂರ ಹೋಗಿರಲಿಲ್ಲ.

ಉಳಿದ ಇಬ್ಬರು. ಕಳೆದ 60 ದಿನಗಳ ಸಂಗಾತಿಗಳಿಗೆ ತಿಳಿಸಬೇಕು ಅನ್ನುವುದು ಸಾಮಾನ್ಯ ಲೆಕ್ಕ, ಆ ಇಬ್ಬರೂ ಅದರೊಳಗೇ ಬರುತ್ತಿದ್ದರು. ಹೆಸರಿಲ್ಲದೆ ಕ್ಲಿನಿಕ್‌ನಿಂದಲೇ ತಿಳಿಸಬಹುದು, ಬೇಕಾ ಅಂತ ಕೇಳಿದೆ. ಬೇಡ, ಆಕೆಗೆ ನಾನೇ ಮೆಸೇಜ್ ಮಾಡುತ್ತೇನೆ ಅಂದ. ನನ್ನ ಮುಂದೆಯೇ ಬರೆದ. ನಾಲ್ಕು ಪ್ಯಾರಾ ಆಯಿತು. ಮೊದಲ ಎರಡರಲ್ಲಿ ಬರೀ ಕ್ಷಮೆ, ಮೂರನೆಯದರಲ್ಲಿ ಆ ರಾತ್ರಿ ತನ್ನ ಮನಸ್ಥಿತಿ ಹೇಗಿತ್ತು ಅಂತ, ಸೋಂಕಿನ ಹೆಸರು ಬಂದದ್ದು ಕೊನೆಯ ಸಾಲಿನಲ್ಲಿ. ಓದುವವರು ಅಲ್ಲಿಗೆ ತಲುಪುವ ಹೊತ್ತಿಗೆ ಜೀವ ಕೈಗೆ ಬಂದಿರುತ್ತದೆ. ಅಳಿಸಿ ಅಳಿಸಿ ಕೊನೆಗೆ ಉಳಿದದ್ದು ಇಷ್ಟು:

“ನನಗೆ ಟೆಸ್ಟ್‌ನಲ್ಲಿ ಕ್ಲಮಿಡಿಯ, ಗೊನೊರಿಯ ಎರಡೂ ಬಂದಿವೆ. ಎರಡೂ ವಾಸಿಯಾಗುತ್ತವೆ, ನಾನು ಔಷಧಿ ತಗೊಂಡೆ. ನೀನೂ ಒಮ್ಮೆ ಟೆಸ್ಟ್ ಮಾಡಿಸು, ಗಂಟಲಿಂದಲೂ ತೆಗೆಯೋಕೆ ಹೇಳು. ಬರೀ ಬ್ಲಡ್ ಟೆಸ್ಟ್ ಸಾಕಾಗಲ್ಲ.”

ಕೊನೆಯ ವಾಕ್ಯ ಆತನದೇ. ನಾನು ಹೇಳಿಕೊಟ್ಟದ್ದಲ್ಲ. ಕಳಿಸಿ, ಮೊಬೈಲನ್ನು ಬೋರಲಾಗಿಟ್ಟ. ಎರಡು ನಿಮಿಷಕ್ಕೆ ಅದು ನಡುಗಿತು. “ಸರಿ. ಹೇಳಿದ್ದಕ್ಕೆ ಥ್ಯಾಂಕ್ಸ್” ಅಂತ ಬಂದಿತ್ತು.

ಆ ಇನ್ನೊಬ್ಬರ ನಂಬರ್ ಇರಲಿಲ್ಲ, ಆಪ್‌ನಲ್ಲಿ ಪರಿಚಯವಾದವರು. ಅಳಿಸಿದ್ದ ಆಪ್ ಮತ್ತೆ ಹಾಕಿಕೊಂಡು ಹುಡುಕಿದ. ಆ ಖಾತೆಯೇ ಇರಲಿಲ್ಲ. ಕಡತದಲ್ಲಿ “ತಲುಪಲಾಗಲಿಲ್ಲ” ಅಂತ ಬರೆದೆ. ಇಂಥ ಸಾಲುಗಳು ನಮ್ಮ ಕಡತಗಳಲ್ಲಿ ಬಹಳ ಇವೆ.

ಮುಂದಿನ ಭೇಟಿಗಳು

ಕೊನೆಯ ಇಂಜೆಕ್ಷನ್ ಆಗಿ ಏಳು ದಿನ ದಾಟುವವರೆಗೆ ಇಬ್ಬರೂ ಯಾವ ರೀತಿಯ ಸಂಪರ್ಕವನ್ನೂ ಇಟ್ಟುಕೊಳ್ಳಬಾರದು, ಬಾಯಿಯದ್ದೂ ಸೇರಿ. ಆತನ ಇಂಜೆಕ್ಷನ್‌ನಿಂದ ಎಣಿಸಬೇಕೋ ಆಕೆಯದರಿಂದಲೋ ಅಂತ ಗೊಂದಲ ಮಾಡಿಕೊಂಡರು. ತಡವಾದವರದ್ದು ಲೆಕ್ಕ ಅಂದೆ.

ಹದಿನಾಲ್ಕನೇ ದಿನ ಗಂಟಲು ಮತ್ತೆ ಪರೀಕ್ಷಿಸಿದೆವು. ಗಂಟಲಿನ ಗೊನೊರಿಯ ಔಷಧಿಗೆ ಬಗ್ಗುವುದು ಬೇರೆ ಜಾಗದ್ದಕ್ಕಿಂತ ಕಷ್ಟ, ಹೋಗಿದೆಯೇ ಅಂತ ಕಣ್ಣಾರೆ ನೋಡಬೇಕು. ಹೋಗಿತ್ತು. ಕ್ಲಮಿಡಿಯಕ್ಕೆ ಹಾಗೆ ಬೇಗ ನೋಡಬಾರದು. ಸತ್ತ ಬ್ಯಾಕ್ಟೀರಿಯದ ಚೂರುಗಳನ್ನೂ ಈ ಪರೀಕ್ಷೆ ಹಿಡಿಯುತ್ತದೆ, ವಾಸಿಯಾದವರಿಗೂ ಮೂರು ನಾಲ್ಕು ವಾರ ಪಾಸಿಟಿವ್ ಬರಬಹುದು. ಹಾಗಾಗಿ ಅದನ್ನು ಮೂರು ತಿಂಗಳಿಗೆ ಇಟ್ಟುಕೊಂಡೆವು. ಆಗ ನೋಡುವುದು ಮುಖ್ಯವಾಗಿ ಮತ್ತೆ ಅಂಟಿದೆಯೇ ಅಂತ. ನಡುವೆ 90 ದಿನ ದಾಟಿದ ಮೇಲೆ ಸಿಫಿಲಿಸ್ ಪರೀಕ್ಷೆ ಮಾಡಿದೆವು, ನೆಗೆಟಿವ್. ಲಸಿಕೆಯ ಎರಡನೇ ಡೋಸ್‌ಗೆ ಒಂದು ವಾರ ತಡವಾಗಿ ಬಂದ. ತಡವಾದರೆ ತೊಂದರೆಯಿಲ್ಲ, ಮೊದಲಿನಿಂದ ಶುರು ಮಾಡಬೇಕಾಗಿಲ್ಲ.

ಮೂರು ತಿಂಗಳಿಗೆ ಇಬ್ಬರೂ ಒಟ್ಟಿಗೆ ಬಂದರು. ಗೆಳತಿಯನ್ನು ನಾನು ನೋಡಿದ್ದು ಅದೇ ಮೊದಲು. ಆಕೆ ಒಳಗೆ ಸ್ವಾಬ್ ತೆಗೆದುಕೊಳ್ಳಲು ಹೋದಳು. ಆತ ನನ್ನ ಬಾಗಿಲ ಹತ್ತಿರ, ಕೂರದೆ, ಕಾಲು ಬದಲಿಸುತ್ತಾ ನಿಂತಿದ್ದ. ನಾನು ಹಾಳೆ ತೆಗೆದು ತಾರೀಕು ಬರೆಯುತ್ತಿದ್ದೆ.

“ಕೂತ್ಕೊಳ್ಳಿ” ಅಂದೆ.

“ಕೂರೋಕಾಗಲ್ಲ ಮೇಡಂ. ಒಂದೂವರೆ ಗಂಟೆಯಿಂದ ತಡ್ಕೊಂಡಿದೀನಿ. ಮೊದಲು ಡಬ್ಬಿ ಕೊಡಿ. ಗೆರೆ ನಾನೇ ಎಳ್ಕೋತೀನಿ.”